ಜೇಡನ ತಲೆಗೆ ಕಟ್ಟಿದ ಸಾವು

ಬಾಳೂರಿನ ಹತ್ತಿರ ರಸ್ತೆ ಬೆನ್ನುಬೆನ್ನಿಗೆ ಎರಡು ಸಲ ತಿರುಗುವ ಜಾಗದಲ್ಲಿ ಸಫ್ದರನ ಜೀಪು ಗ್ಯಾರೇಜು. ಗ್ಯಾರೇಜಿನ ಬೆನ್ನಿಗೇ ಅಂಟಿಕೊಂಡು ಮನೆ. ಮನೆಯಲ್ಲಿ ನಾಲ್ಕೇ ಜನ: ಸಫ್ದರ್, ಅವನ ತಾಯಿ ಜೊಹರಾ, ಹೆಂಡತಿ ಫರ್ಹತ್, ಆಗಷ್ಟೇ ಮಾತು ಕಲಿತು ಎಲ್ಲರ ತಲೆ ತಿನ್ನುತ್ತಿದ್ದ ಮಗಳು ಅಫ್ರೀನ್. ಜೇಡಗಳು ಮಾತ್ರ ಎಣಿಕೆಗೆ ಸಿಗದಷ್ಟು. ಜನರಿಗೆ ಯಜಮಾನ ಸಫ್ದರ್, ಜೇಡಗಳಿಗೆ ಯಜಮಾನಿ ಅವನಮ್ಮ ಎಂದು ಜೀಪು ರಿಪೇರಿಗೆ ಬಂದವರು ನಗೆಯಾಡುತ್ತಿದ್ದರು. ಗಂಡ ಅಹಮದ್ ಬದುಕಿದ್ದ ಕಾಲದಿಂದಲೂ ಈ ತಮಾಷೆ ಕೇಳಿ ಕೇಳಿ ಜೊಹರಾಗೆ ಅಭ್ಯಾಸವಾಗಿಹೋಗಿತ್ತು.

ಅವಳಿಗೆ ಆ ಮನೆಯ ಜೇಡಗಳೆಲ್ಲ ಮುಖಪರಿಚಯ. ಸೂರಿನ ಮೂಲೆಯಲ್ಲಿ ಕೂದಲಿನಷ್ಟು ಸಪೂರ ಕಾಲು ಚಾಚಿಕೊಂಡು ತಲೆಕೆಳಗಾಗಿ ತೂಗುವುದು ಒಂದು. ಮುಟ್ಟಿದರೆ ಮೈಯೆಲ್ಲ ಗಡಗಡ ಅಲುಗಿಸುವುದಷ್ಟೇ ಅದರ ಪರಾಕ್ರಮ. ಕಿಟಕಿಯ ಸರಳಿನ ಮೇಲೆ ಕುಪ್ಪಳಿಸಿ ನೊಣ ಹಿಡಿಯುವ ಗಿಡ್ಡದ್ದು ಇನ್ನೊಂದು. ಮೂರನೆಯದು ಬಲೆ ಕಟ್ಟುವ ಗೊಡವೆಗೇ ಹೋಗುವುದಿಲ್ಲ. ಅಂಗೈ ಅಗಲಕ್ಕೆ ಕಾಲು ಹರಡಿಕೊಂಡು ಗೋಡೆಗೆ ಕೂರುತ್ತದೆ, ಕತ್ತಲಾದರೆ ಜಿರಲೆ ಬೇಟೆಗೆ ಹೊರಡುತ್ತದೆ, ಮೊಟ್ಟೆಯ ಚೀಲವನ್ನು ಬಿಳಿ ಬಿಲ್ಲೆಯ ಹಾಗೆ ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಮರಿಗಳು ಹೊರಟುಹೋದ ಮೇಲೆ ಉಳಿದ ಖಾಲಿ ಬಿಲ್ಲೆಯನ್ನು ಜೊಹರಾ ಜೋಪಾನವಾಗಿ ಎತ್ತಿಡುತ್ತಿದ್ದಳು. ಸ್ಪ್ಯಾನರು ಜಾರಿ ಸಫ್ದರನ ಬೆರಳು ಕೊಯ್ದರೆ ಅದನ್ನೇ ಗಾಯದ ಮೇಲೆ ಅಂಟಿಸುತ್ತಿದ್ದಳು, ರಕ್ತ ನಿಲ್ಲುತ್ತಿತ್ತು.

ಬರೀ ಇಷ್ಟಕ್ಕೇ ಅವಳು ಜೇಡಗಳನ್ನು ಸಾಕಿಕೊಂಡಿರಲಿಲ್ಲ. ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಗುಹೆಯ ಬಾಯಿಗೆ ಬಲೆ ನೇಯ್ದು ಪೈಗಂಬರರನ್ನು ಕಾಪಾಡಿದ ಜೀವ ಅದು, ಅದನ್ನು ಕೊಲ್ಲಬಾರದು ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಬಲೆ ಹೆಚ್ಚಾದರೆ ಜೊಹರಾ ಗುಡಿಸುತ್ತಿದ್ದಳು, ಅದೂ ಬಲೆಯ ಒಡೆಯ ಹೊರಗೆ ಹೋಗಲೆಂದು ಪೊರಕೆಯ ತುದಿಯಿಂದ ಒಂದು ಸಲ ತಟ್ಟಿ ತಿಳಿಸಿ. ಜೇಡನಿಗೆ ನೋಟೀಸು ಕೊಟ್ಟು ಮನೆ ಖಾಲಿ ಮಾಡಿಸುವವರು ಮೂಡಿಗೆರೆ ತಾಲೂಕಿನಲ್ಲೇ ಇವರೊಬ್ಬರು ಎಂದು ಫರ್ಹತ್ ನಗುತ್ತಿದ್ದಳು.

ಫರ್ಹತ್ ಚಿಕ್ಕಮಗಳೂರು ಪೇಟೆಯ ಹುಡುಗಿ. ಸಿಮೆಂಟು ಗೋಡೆ, ಬಿಳಿ ಸುಣ್ಣ, ಟ್ಯೂಬ್‌ಲೈಟಿನ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ವಾರದಲ್ಲೇ ಬಚ್ಚಲಿನಿಂದ ಕಿರುಚುತ್ತ ಓಡಿಬಂದು ಅತ್ತೆಯನ್ನು ತಬ್ಬಿಕೊಂಡಿದ್ದಳು. ಅವತ್ತೇ ಅವರಿಬ್ಬರ ನಡುವೆ ಇದ್ದ ಹೊಸ ಸೊಸೆಯ ಬಿಗುಮಾನ ಮುರಿದುಬಿದ್ದದ್ದು. ಆಮೇಲೆ ಅದೊಂದು ಆಟವೇ ಆಯಿತು.

"ಅಮ್ಮೀ, ನಿಮ್ಮ ತಮ್ಮ ಮತ್ತೆ ಬಚ್ಚಲಿಗೆ ಬಂದಿದಾನೆ. ಬಂದು ಕರ್ಕೊಂಡು ಹೋಗಿ!"

ಜೊಹರಾ ಲೋಟ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ, 'ತಮ್ಮ'ನನ್ನು ಹೊರಗೆ ಬೇಲಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಎರಡು ದಿನ ಕಳೆಯುವುದರೊಳಗೆ ಅದೋ, ಅದರ ಅಣ್ಣನೋ ಅಲ್ಲೇ ಹಾಜರಿರುತ್ತಿತ್ತು.

ಅಫ್ರೀನ್ ಹುಟ್ಟಿದ ಮೇಲೆ ಆಟದಲ್ಲಿ ಸ್ವಲ್ಪ ಭಯ ಬೆರೆಯಿತು. ಮಗುವಿನ ಮೈಮೇಲೆ ಸೊಳ್ಳೆ ಕಚ್ಚಿದ ಗುಳ್ಳೆ ಕಂಡರೂ ಫರ್ಹತ್ ದೀಪದ ಹತ್ತಿರ ಹಿಡಿದು ನೋಡುತ್ತಿದ್ದಳು. "ಜೇಡರ ಹುಳ ಅಲ್ವಲ್ಲ ಅಮ್ಮಿ? ಕಚ್ಚಿದ್ರೆ ವಿಷ ಏರ್ತದಂತೆ."

"ಕಚ್ಚಲ್ಲ ಮಗ. ನಾನು ಈ ಮನೆಗೆ ಬಂದಾಗಿಂದ ನೋಡ್ತಿದೀನಿ. ಕಚ್ಚಿದ್ರೆ ನನ್ನ ಕೇಳು," ಎಂದು ಜೊಹರಾ ಎದೆ ತಟ್ಟಿಕೊಂಡು ಹೇಳಿದ್ದಳು. ಆ ಮಾತು ಸಫ್ದರನ ಕಿವಿಗೂ ಬಿದ್ದಿತ್ತು.

ಆದರೂ ಫರ್ಹತಳಿಗೆ ಬಚ್ಚಲು ಒಗ್ಗಲಿಲ್ಲ. ಬಟ್ಟೆಯ ಗಂಟು ಹೊತ್ತು ಮನೆಯ ಕೆಳಗಿನ ಹಳ್ಳಕ್ಕೆ ಇಳಿಯುತ್ತಿದ್ದಳು. ಅಲ್ಲೇ ಕಲ್ಲಿನ ಮೇಲೆ ಒಗೆದು, ಲಂಟಾನ ಪೊದೆಯ ಮೇಲೆ ಹರವಿ, ಒಣಗುವವರೆಗೂ ಹುಲ್ಲಿನಲ್ಲಿ ಕೂತು ಹಾಡು ಗುನುಗುತ್ತಿದ್ದಳು. ಜೇಡಗಳ ಕಾಟ ಅಲ್ಲಿಲ್ಲ ಎಂದು ಅವಳಿಗೆ ನೆಮ್ಮದಿ. ಸೊಸೆ ನೆಮ್ಮದಿಯಿಂದಿದ್ದರೆ ಸಾಕು ಎಂದು ಜೊಹರಾ ಕೂಡ ಸುಮ್ಮನಿದ್ದಳು.

ತೊಂಬತ್ತೇಳನೇ ಇಸವಿಯಲ್ಲಿ ಮಳೆ ಹಿಂದಾಗಿ ಕಾಫಿ ಹಣ್ಣು ಕೆಂಪಡರುವ ಹೊತ್ತಿಗೆ ಫರ್ಹತಳಿಗೆ ಜ್ವರ ಬಂತು. ಮೊದಲು ಎಲ್ಲರೂ ಸಾದಾ ಜ್ವರವೆಂದೇ ಅಂದುಕೊಂಡರು. ತಲೆ ಸಿಡಿಯುತ್ತದೆ ಎಂದು ಅವಳು ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದಳು. ಅಂಗಡಿಯ ಮಾತ್ರೆಗೆ ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಒಂದು ಬೆಳಿಗ್ಗೆ ಮೈ ಒರೆಸಲೆಂದು ಕೂರಿಸಿದಾಗ, ಲಂಗದ ಲಾಡಿ ಕಟ್ಟುವಲ್ಲಿ ಸೊಂಟದ ಮೇಲೆ ಒಂದು ಕಪ್ಪು ಹಕ್ಕಳೆ ಜೊಹರಾಗೆ ಕಂಡಿತು. ಬೀಡಿಯ ಬೆಂಕಿ ತಾಗಿಸಿದ ಹಾಗೆ ಗುಂಡಗಿತ್ತು, ಸುತ್ತ ಕೆಂಪು.

"ಎಂತದು ಮಗ ಇದು? ನೋವುಂಟಾ?"

"ಇಲ್ಲಮ್ಮಿ. ಇದ್ದದ್ದೇ ಗೊತ್ತಿಲ್ಲ."

ಆ ಹೊತ್ತಿಗೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಸಾವಿತ್ರಮ್ಮ ಗಂಜಿ ತಂದವರು ಅಲ್ಲೇ ನಿಂತಿದ್ದರು. ಹಾಸಿಗೆ ಬದಲಿಸಲೆಂದು ಜೊಹರಾ ಕಂಬಳಿ ಕೊಡವಿದಳು. ಅದರ ಮಡಿಕೆಯಿಂದ ಗೋಡೆಯ ದೊಡ್ಡ ಜೇಡವೊಂದು ಪಟಪಟ ಓಡಿ ಕಪಾಟಿನ ಹಿಂದೆ ಮರೆಯಾಯಿತು. ಅಫ್ರೀನ್ ಹೋ ಎಂದು ಅತ್ತಿತು.

"ಅಯ್ಯೋ, ಇನ್ನೆಂತ ಕೇಳ್ತೀರಿ ಜೊಹರಕ್ಕ, ಕಣ್ಣೆದುರಿಗೇ ಉಂಟಲ್ಲ," ಎಂದರು ಸಾವಿತ್ರಮ್ಮ. "ಇದು ಜೇಡ ಕಚ್ಚಿದ್ದೇ. ವಿಷ ಏರಿ ಜ್ವರ ಬಂದಿರೋದು."

ಸಾವಿತ್ರಮ್ಮನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಕಪ್ಪು ಹಕ್ಕಳೆ ಒಂದು ಕಡೆ, ಓಡಿಹೋದ ಜೇಡ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ನೋಡಿದ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು. ಇಷ್ಟು ವರ್ಷ ಕಚ್ಚದ್ದು ಈಗ ಕಚ್ಚಿತೇ ಎಂದು ಜೊಹರಾಗೂ ಅನುಮಾನ ಹುಟ್ಟಿತು.

ಗ್ಯಾರೇಜಿನಿಂದ ಸಫ್ದರ್ ಗ್ರೀಸಿನ ಕೈಯಲ್ಲೇ ಓಡಿಬಂದ. ಹಕ್ಕಳೆ ನೋಡಿದವನ ಮುಖ ಬಿಳಚಿಕೊಂಡಿತು.

"ಜೇಡ ಹೀಗೆ ಕಚ್ಚಿದ್ದು ನಾ ಕಂಡಿಲ್ಲ ಕಣೋ," ಎಂದಳು ಜೊಹರಾ. "ಎಂತದೇ ಇರಲಿ, ಆಸ್ಪತ್ರೆಗೆ ಕರ್ಕೊಂಡು ಹೋಗು. ಒಂದು ಸೂಜಿ ಹಾಕಿಸು."

"ಈಗ್ಲೂ ಜೇಡನ ಪರವೇ ಮಾತಾಡು! ನನ್ನ ಹೆಂಡ್ತಿ ಜೀವಕ್ಕಿಂತ ನಿಂಗೆ ಜೇಡನ ಮರ್ಯಾದೆ ಹೆಚ್ಚಾಯ್ತಾ?"

ಜೊಹರಾ ಬಾಯಿ ಮುಚ್ಚಿಕೊಂಡಳು. ಆಸ್ಪತ್ರೆಯ ಮಾತು ಮತ್ತೆ ಎತ್ತಿದರೆ ಜೇಡನನ್ನು ವಹಿಸಿಕೊಂಡಂತೆ ಆಗುತ್ತದೆಂದು ಅವಳಿಗೆ ನಾಚಿಕೆ. ಎಂಥಾ ಹೊತ್ತಿನಲ್ಲಿ ಎಂಥಾ ನಾಚಿಕೆ! ಆದರೆ ಮನುಷ್ಯರು ಹಾಗೆಯೇ, ಬಾಯಿ ಬಿಡಬೇಕಾದ ಕಡೆಯೇ ಮಾನ ನೋಡಿಕೊಳ್ಳುತ್ತಾರೆ.

ಸಫ್ದರ್ ಬೆಳ್ಳಿಯಪ್ಪನನ್ನು ಕರೆತಂದ. ಜಾವಳಿ ಕಡೆಯ ಬೆಳ್ಳಿಯಪ್ಪನ ನಾಟಿ ಮದ್ದೆಂದರೆ ಸುತ್ತಲಿನ ಎಲ್ಲ ಜಾತಿಯವರಿಗೂ ನಂಬಿಕೆ. ಕಾಮಾಲೆಗೆ, ಸರ್ಪಸುತ್ತಿಗೆ, ಜೇಡನ ವಿಷಕ್ಕೆ ಅವನು ಸೊಪ್ಪು ಅರೆದು ಕೊಡುತ್ತಿದ್ದ, ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಸಫ್ದರ್ ಚಿಕ್ಕವನಿದ್ದಾಗ ಕಾಮಾಲೆಯಾಗಿ ಕಣ್ಣು ಅರಿಸಿನವಾಗಿದ್ದಾಗ ಅಹಮದ್ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದದ್ದು ಇವನ ಅಂಗಳಕ್ಕೇ. ತಾನು ಬದುಕಿರುವುದು ಬೆಳ್ಳಿಯಪ್ಪನ ಕೈಗುಣದಿಂದ ಎಂದು ಸಫ್ದರ್ ಯಾವಾಗಲೂ ಹೇಳುತ್ತಿದ್ದ.

ಬೆಳ್ಳಿಯಪ್ಪ ಹಕ್ಕಳೆಯ ಸುತ್ತ ಬೆರಳಾಡಿಸಿ ನೋಡಿದ. ಸೊಪ್ಪು ಅರೆದು ಹಚ್ಚಿದ, ಕಷಾಯ ಕುದಿಸಿ ಕೊಟ್ಟ.

"ಉಪ್ಪು, ಹುಳಿ, ಖಾರ ಬಿಡ್ಬೇಕು. ಗಂಜಿ ಮಾತ್ರ. ಮತ್ತೊಂದು ಮಾತು ಸಫ್ದರ್, ಪಥ್ಯ ಮುಗಿಯೋವರೆಗೆ ಸೂಜಿ ಮಾತ್ರ ಚುಚ್ಚಿಸಬೇಡ ಮಾರಾಯ. ಚುಚ್ಚಿಸಿದ್ರೆ ಮೇಲಿರೋ ವಿಷ ಸೀದಾ ಎದೆಗೆ ಇಳೀತದೆ."

ಸಫ್ದರ್ ತಲೆಯಾಡಿಸಿದ. ಆ ಮಾತನ್ನು ಅವನು ನಮಾಜಿನಷ್ಟು ಶ್ರದ್ಧೆಯಿಂದ ಪಾಲಿಸಿದ. ತಾನೇ ಕೂತು ಗಂಜಿ ಕುಡಿಸಿದ, ತಾನೇ ಸೊಪ್ಪು ಬದಲಿಸಿದ. ಗ್ಯಾರೇಜಿನಲ್ಲಿ ಜೀಪುಗಳು ಬಿಚ್ಚಿದಲ್ಲೇ ಬಿದ್ದಿದ್ದವು. ಹೆಂಡತಿಯನ್ನು ಇಷ್ಟು ಪ್ರೀತಿಸುವ ಗಂಡ ಆ ರಸ್ತೆಯುದ್ದಕ್ಕೂ ಇನ್ನೊಬ್ಬ ಇರಲಿಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿ ಅವನ ಮೇಲೆ ಹರಿಹಾಯುವವರು ಇರುತ್ತಾರೆ.

ಜ್ವರ ಬಿಡಲಿಲ್ಲ. ಫರ್ಹತಳ ಕಣ್ಣು ಗುಳಿಬಿದ್ದವು. ಮಗುವನ್ನು ಹತ್ತಿರ ಕರೆದರೂ ಎತ್ತಿಕೊಳ್ಳಲಾರದಷ್ಟು ಸೋತಳು. ಒಂದು ಮಧ್ಯಾಹ್ನ ಮೇಲಿನ ಎಸ್ಟೇಟಿನ ಚಂದ್ರಶೇಖರಪ್ಪನವರು ತಮ್ಮ ಜೀಪು ತೋರಿಸಲು ಬಂದವರು ಒಳಗಿನ ನರಳಾಟ ಕೇಳಿ ಬಾಗಿಲಿಗೆ ಬಂದರು.

"ಎಂತ ಇದು ಸಫ್ದರ್! ಹೀಗೆ ಮಲಗಿಸಿಕೊಂಡು ಕೂತಿದ್ದೀಯಲ್ಲ? ಹತ್ಸು ನನ್ನ ಗಾಡಿಗೆ, ಈಗ್ಲೇ ಮೂಡಿಗೆರೆಗೆ ಬಿಡ್ತೀನಿ."

ಸಫ್ದರ್ ಕೈಮುಗಿದ. "ಬೇಡ ಸಾರ್. ಪಥ್ಯ ಮುಗೀಲಿ. ಅಲ್ಲಿ ಹೋದ ಕೂಡ್ಲೆ ಸೂಜಿ ಹಾಕ್ತಾರೆ. ವಿಷ ಎದೆಗೆ ಇಳಿದ್ರೆ ನಾನೆಂತ ಮಾಡ್ಲಿ?"

ಜೊಹರಾ ಸೊಸೆಯ ಮುಖ ನೋಡಿದಳು. ಹೋಗುತ್ತೀಯಾ ಎಂದು ಕಣ್ಣಲ್ಲೇ ಕೇಳಿದಳು. ಫರ್ಹತ್ ಒಣಗಿದ ತುಟಿಯಲ್ಲಿ ಹೇಳಿದಳು: "ಅವರು ಹೇಳಿದ ಹಾಗೇ ಆಗಲಿ ಅಮ್ಮಿ. ನನ್ನ ಒಳ್ಳೇದಕ್ಕೇ ಅಲ್ವಾ." ಚಂದ್ರಶೇಖರಪ್ಪನವರು ಇನ್ನೂ ಸ್ವಲ್ಪ ಹೊತ್ತು ನಿಂತು, ಬೇರೆಯವರ ಮನೆಯ ವಿಷಯವೆಂದು ಹೊರಟುಹೋದರು. ಆ ಜೀಪಿನ ಸದ್ದು ತಿರುವು ದಾಟಿ ಕೇಳಿಸದಾಗುವವರೆಗೂ ಜೊಹರಾ ಬಾಗಿಲಲ್ಲೇ ನಿಂತಿದ್ದಳು.

ಉಸಿರು ಕಟ್ಟತೊಡಗಿದ ಮೇಲೆ ಪಥ್ಯವೂ ಇಲ್ಲ, ಗಿಥ್ಯವೂ ಇಲ್ಲ. ಬಿಚ್ಚಿಟ್ಟ ಜೀಪುಗಳಲ್ಲಿ ಒಂದನ್ನು ಸಫ್ದರ್ ಹುಚ್ಚನ ಹಾಗೆ ಜೋಡಿಸಿ, ಮಗುವನ್ನು ಸಾವಿತ್ರಮ್ಮನ ಕೈಗೊಪ್ಪಿಸಿ, ಹೆಂಡತಿಯನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ, ದಾರಿಯುದ್ದಕ್ಕೂ ಅಲ್ಲಾಹ್, ಅಲ್ಲಾಹ್ ಎನ್ನುತ್ತ ಪೇಟೆಯ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಬಾಟಲಿ ಏರಿಸಿದರು, ಮೂಗಿಗೆ ನಳಿಗೆ ಹಾಕಿದರು. ಮರುದಿನ ಬೆಳಗಿನ ನಮಾಜಿನ ಹೊತ್ತು ಕಳೆದ ಮೇಲೆ ಫರ್ಹತ್ ತೀರಿಕೊಂಡಳು.

ಸಫ್ದರ್ ಹೆಣ ಸಾಗಿಸುವ ವ್ಯಾನು ಹುಡುಕಲು ಹೊರಗೆ ಹೋಗಿದ್ದ. ಜೊಹರಾ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಡಾಕ್ಟರು ಬಂದು ಪಕ್ಕದಲ್ಲಿ ಕೂತರು. ವಯಸ್ಸಾದ ಮನುಷ್ಯ, ಗದರಲಿಲ್ಲ.

"ಎಂತ ಆಗಿತ್ತಮ್ಮ? ಯಾಕೆ ಇಷ್ಟು ತಡ ಮಾಡಿದ್ರಿ?"

"ಜೇಡ ಕಚ್ಚಿತ್ತು ಸ್ವಾಮಿ. ಪಥ್ಯದಲ್ಲಿದ್ಲು."

ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಜೇಡ ಅಲ್ಲಮ್ಮ ಅದು. ಮನೆ ಜೇಡ ಯಾರನ್ನೂ ಹೀಗೆ ಕೊಲ್ಲಲ್ಲ. ಪೊದೆಯಲ್ಲಿ, ಹುಲ್ಲಿನಲ್ಲಿ ಒಂದು ಹುಳ ಇರ್ತದೆ. ಉಣುಗು ಗೊತ್ತಲ್ಲ, ಅದರ ದೂರದ ನೆಂಟ ಅನ್ನಿ, ಕಣ್ಣಿಗೇ ಕಾಣದಷ್ಟು ಸಣ್ಣದು. ಅದು ಕಚ್ಚಿದ ಕಡೆ ಹೀಗೆ ಕಪ್ಪು ಹಕ್ಕಳೆ ಆಗಿ ಜ್ವರ ಬರೋದು. ಹಿಂದೆ ಸೈನ್ಯದ ಆಸ್ಪತ್ರೆಯಲ್ಲಿದ್ದಾಗ ಗುಡ್ಡಗಾಡಿನ ಕಡೆ ನಾನು ಎಷ್ಟೋ ನೋಡಿದ್ದೆ. ನಮ್ಮ ಕಡೆ ಡಾಕ್ಟರುಗಳಿಗೇ ಇದರ ಪರಿಚಯ ಕಮ್ಮಿ, ನಿಮ್ಮನ್ನ ಏನಂತ ಬೈಲಿ. ಪೊದೆ ಕಡೆ ಓಡಾಟ ಇತ್ತಾ ಇವ್ರಿಗೆ?"

ಹಳ್ಳದ ಕಲ್ಲು, ಲಂಟಾನದ ಮೇಲೆ ಹರವಿದ ಬಟ್ಟೆ, ಹುಲ್ಲಿನಲ್ಲಿ ಕೂತು ಹಾಡು ಗುನುಗುವ ಸೊಸೆ, ಎಲ್ಲ ಜೊಹರಾಳ ಕಣ್ಣಿಗೆ ಕಟ್ಟಿತು. ಹೂಂ ಎಂದಳು.

"ಇದಕ್ಕೆ ಮದ್ದು ಉಂಟಾ ಸ್ವಾಮಿ?"

"ಉಂಟಮ್ಮ. ಸಾದಾ ಮಾತ್ರೆ. ಜ್ವರ ಬಂದ ಮೊದಲಿಗೇ ಕೊಟ್ಟಿದ್ರೆ ಎದ್ದು ಓಡಾಡ್ತಿದ್ರು. ಮೂರು ದಿನ ಮುಂಚೆ ಬಂದಿದ್ರೂ ನಾನು ಧೈರ್ಯ ಹೇಳ್ತಿದ್ದೆ."

ಮೂರು ದಿನ ಮುಂಚೆ ಚಂದ್ರಶೇಖರಪ್ಪನವರ ಜೀಪು ಬಾಗಿಲಿಗೆ ಬಂದು ನಿಂತಿತ್ತು.

ಡಾಕ್ಟರು ಎದ್ದು ಹೋದ ಸ್ವಲ್ಪ ಹೊತ್ತಿಗೆ ಸಫ್ದರ್ ಬಂದ. ಕಣ್ಣು ಕೆಂಡವಾಗಿತ್ತು. "ಎಂತ ಹೇಳಿದ್ರು ಡಾಕ್ಟ್ರು? ಸೂಜಿ ಹಾಕಿದ್ದಕ್ಕೇ ವಿಷ ಎದೆಗೆ ಇಳೀತಾ?"

ಜೊಹರಾ ಮಗನ ಮುಖ ನೋಡಿದಳು. ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೆಂಡತಿಯ ಹೆಣ ಒಳಗಿರುವಾಗ, ಇವಳನ್ನು ಕೊಂದದ್ದು ನಿನ್ನ ಪಥ್ಯ ಎಂದು ಯಾವ ತಾಯಿ ಹೇಳುತ್ತಾಳೆ?

"ವಿಷ ಮೊದ್ಲೇ ಏರಿತ್ತಂತೆ," ಎಂದಳು. "ಯಾರು ಎಂತ ಮಾಡಿದ್ರೂ ಉಳೀತಿರ್ಲಿಲ್ವಂತೆ."

ಅವತ್ತಿನ ಮಟ್ಟಿಗೆ ಹೇಳಿದ ಸುಳ್ಳು ಅದು. ಮಣ್ಣು ಮಾಡಿ ಬಂದ ಮೇಲೆ, ಅವನು ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಿಧಾನವಾಗಿ ಹೇಳೋಣ ಎಂದು ಅಂದುಕೊಂಡಿದ್ದಳು. ಆದರೆ ಸಫ್ದರ್ ಸುಧಾರಿಸಿಕೊಂಡದ್ದು ಬೇರೆ ರೀತಿಯಲ್ಲಿ. ದುಃಖಕ್ಕೆ ಅವನು ಒಂದು ಹಗೆಯನ್ನು ಹುಡುಕಿಕೊಂಡ.

"'ಕಚ್ಚಿದ್ರೆ ನನ್ನ ಕೇಳು' ಅಂದಿದ್ಯಲ್ಲ? ಕೇಳ್ತಿದೀನಿ, ಹೇಳು," ಎಂದ ಖಬರಸ್ತಾನದಿಂದ ಬಂದ ಸಂಜೆ, ನೆಂಟರ ಎದುರಿಗೇ. ಜೊಹರಾ ತಲೆ ತಗ್ಗಿಸಿದಳು. ಅವತ್ತಿನಿಂದ ಅವನು ತಾಯಿ ಬಡಿಸಿದ್ದನ್ನು ಉಣ್ಣಲಿಲ್ಲ. ತಟ್ಟೆ ತಾನೇ ತೆಗೆದುಕೊಂಡು, ತಾನೇ ಹಾಕಿಕೊಂಡು, ಗ್ಯಾರೇಜಿನಲ್ಲಿ ಕೂತು ತಿನ್ನುತ್ತಿದ್ದ. ಎಸ್ಟೇಟಿನಿಂದ ಔಷಧಿ ಹೊಡೆಯುವ ಪಂಪು ತಂದು ಸೂರು, ಗೋಡೆ, ಬಚ್ಚಲು ಎಲ್ಲ ಕಡೆ ಹೊಡೆದ. ಸತ್ತ ಜೇಡಗಳನ್ನು ಮೊರದಲ್ಲಿ ತುಂಬಿ ಹೊರಗೆ ಚೆಲ್ಲುವ ಕೆಲಸ ಜೊಹರಾಳ ಪಾಲಿಗೆ ಬಂತು. ಪಾಪದ ಜೀವಗಳು, ಕಾಲು ಮಡಚಿಕೊಂಡು ಮುಷ್ಟಿ ಕಟ್ಟಿದ ಹಾಗೆ ಬಿದ್ದಿದ್ದವು. ಅವಳು ಚೆಲ್ಲುತ್ತ ಚೆಲ್ಲುತ್ತ ಅತ್ತಳು, ಫರ್ಹತಳಿಗಾಗಿಯೋ ಇವುಗಳಿಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಒಂದು ವಿಷಯ ಅವಳನ್ನು ಕೊರೆಯುತ್ತಿತ್ತು. ತಾನು ಬಾಯಿ ಮುಚ್ಚಿಕೊಂಡು ಕೂತರೆ, ನಾಳೆ ಇನ್ನೊಬ್ಬರ ಮನೆಯ ಮಗಳಿಗೆ ಕಪ್ಪು ಹಕ್ಕಳೆಯ ಜ್ವರ ಬಂದಾಗ ಬೆಳ್ಳಿಯಪ್ಪ ಮತ್ತೆ ಪಥ್ಯ ಹೇಳುತ್ತಾನೆ. ಕೊನೆಗೊಂದು ದಿನ, ಮಗನಿಗೆ ಹೇಳದೆ, ಅವಳು ಜಾವಳಿಗೆ ಹೋದಳು. ಬೆಳ್ಳಿಯಪ್ಪನ ಜಗಲಿಯಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಒಂದು ಬಿಡದೆ ಹೇಳಿದಳು.

ಅರೆಯುವ ಕಲ್ಲಿನ ಮೇಲಿದ್ದ ಬೆಳ್ಳಿಯಪ್ಪನ ಕೈ ಅಲ್ಲೇ ನಿಂತಿತು.

"ಹಾಗಾದ್ರೆ ಆ ಕೂಸನ್ನ ನಾನು ಕೊಂದೆ ಜೊಹರಕ್ಕ."

"ನೀವು ಗೊತ್ತಿದ್ದು ಮಾಡಿದ್ದಲ್ಲ. ನನ್ನ ಮಗನ ಜೀವ ಉಳಿಸಿದ ಕೈ ಅದು."

"ನಾನು ಸಫ್ದರನ ಕಾಲಿಗೆ ಬೀಳ್ತೀನಿ."

"ಬೇಡ, ದೇವರಾಣೆ ಬೇಡ," ಎಂದು ಜೊಹರಾ ಅವನ ಕೈ ಹಿಡಿದುಕೊಂಡಳು. "ಕಪ್ಪು ಹಕ್ಕಳೆ ಕಂಡ್ರೆ ಆಸ್ಪತ್ರೆಗೆ ಓಡಿಸಿ, ಅಷ್ಟು ಸಾಕು ನಂಗೆ. ಅವನಿಗೆ ಮಾತ್ರ ಗೊತ್ತಾಗೋದು ಬೇಡ."

ಬೆಳ್ಳಿಯಪ್ಪ ಮಾತು ಉಳಿಸಿಕೊಂಡ. ಆದರೆ ಮನುಷ್ಯ ಉಳಿಯಲಿಲ್ಲ ಎಂದೇ ಹೇಳಬೇಕು. ಕಪ್ಪು ಹಕ್ಕಳೆಗಿರಲಿ, ಯಾವುದಕ್ಕೂ ಅವನು ಮದ್ದು ಕೊಡುವುದನ್ನೇ ಬಿಟ್ಟ. ಬಾಗಿಲಿಗೆ ಬಂದವರನ್ನು ಕೈಯಾಡಿಸಿ ಕಳಿಸುತ್ತ, ಗೋಡೆಗೊರಗಿ ಕೂತು, ಊಟ ಕರೆದರೆ ಎದ್ದು ಬಾರದ ಸ್ಥಿತಿಗೆ ಬಂದನೆಂದು ಸಾವಿತ್ರಮ್ಮ ಬಂದು ಹೇಳಿದರು. ಮದ್ದು ಕೊಟ್ಟವನಿಗೇ ಹೀಗಾದರೆ, ಬಾಗಿಲಿಗೆ ಬಂದ ಜೀಪನ್ನು ಕೈಮುಗಿದು ಕಳಿಸಿದವನಿಗೆ ಏನಾದೀತು? ಮುಂದೆ ಹೇಳೋಣ ಎಂದುಕೊಂಡಿದ್ದ ಮಾತನ್ನು ಜೊಹರಾ ಅವತ್ತೇ ಒಳಗೆ ನುಂಗಿಕೊಂಡಳು. ಹಾಗೆಂದು ಅವಳೇನು ತನ್ನನ್ನು ತಾನು ತಪ್ಪಿನಿಂದ ಹೊರಗಿಟ್ಟುಕೊಂಡಿರಲಿಲ್ಲ. ಬಚ್ಚಲನ್ನು ಚೊಕ್ಕಟವಾಗಿಟ್ಟಿದ್ದರೆ ಸೊಸೆ ಹಳ್ಳಕ್ಕೆ ಇಳಿಯುತ್ತಿರಲಿಲ್ಲವಲ್ಲ ಎಂಬುದೂ ಒಳಗೆ ಚುಚ್ಚುತ್ತಿತ್ತು.

ಕಾಫಿ ಕೊಯ್ಲು ಮುಗಿಯುತ್ತ ಬಂದಾಗ ಚಂದ್ರಶೇಖರಪ್ಪನವರು ಗ್ಯಾರೇಜಿಗೆ ಬಂದು, ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಆಡಿದರು. "ಅವತ್ತು ನಾನೇ ಗಟ್ಟಿ ಮಾಡಿ ಕರ್ಕೊಂಡು ಹೋಗ್ಬೇಕಿತ್ತು ಮಾರಾಯ. ಉಳೀತಿದ್ಲೋ ಏನೋ." ಸಫ್ದರನ ಕೈಯಲ್ಲಿದ್ದ ಸ್ಪ್ಯಾನರು ನೆಲಕ್ಕೆ ಬಿತ್ತು. ಅವತ್ತು ಅವನು ಊಟ ಮಾಡಲಿಲ್ಲ, ಮರುದಿನ ಗ್ಯಾರೇಜು ತೆಗೆಯಲಿಲ್ಲ. ಜೊಹರಾ ಅಡಿಗೆಮನೆಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಅದೇ ಸಮಯಕ್ಕೆ ಎಡವಟ್ಟಾಯಿತು. ಔಷಧಿಯ ಘಾಟು ಇಳಿದ ಮೇಲೆ ಎಲ್ಲಿಂದಲೋ ಒಂದು ದೊಡ್ಡ ಜೇಡ ಅಡಿಗೆಮನೆಗೆ ಬಂದು ಸೇರಿಕೊಂಡಿತ್ತು. ಅದನ್ನು ಕಂಡದ್ದೇ ಜೊಹರಾ ಯೋಚನೆಯಿಲ್ಲದೆ ಲೋಟ ತೆಗೆದುಕೊಂಡಳು. ಬೋರಲು ಹಾಕಿ, ರಟ್ಟು ತೂರಿಸಿ, ಅಂಗಳಕ್ಕೆ ಇಳಿಯುವಾಗ ಎದುರಿಗೆ ಮಗ ನಿಂತಿದ್ದ.

"ಇನ್ನೂ ಸಾಕ್ತಿದ್ದೀಯಾ?" ಎಂದ. ದನಿ ಏರಿಸಲಿಲ್ಲ, ಅದೇ ಹೆದರಿಕೆಯಾಗುವ ಹಾಗಿತ್ತು. "ಅವಳನ್ನ ತಿಂದಿದ್ದು ಸಾಲದಾ? ನನ್ನ ಮಗಳು ಇದೇ ಮನೇಲಿ ಮಲಗ್ತಾಳೆ, ಗೊತ್ತುಂಟಾ? ನೀನು ಮಲ್ಲಂದೂರಿಗೆ ಹೋಗು. ಮಾಮನ ಮನೇಲಿ ಇರು. ಎಂತ ಬೇಕೋ ಎಲ್ಲ ಕಳಿಸ್ತೀನಿ. ಇಲ್ಲಿ ಬೇಡ."

ಬಾಯಿ ತೆರೆದರೆ ಸಾಕಿತ್ತು. ಜೇಡ ಅಲ್ಲ ಕಣೋ, ಡಾಕ್ಟ್ರನ್ನ ಬೇಕಾದ್ರೆ ಕೇಳು, ಎಂದರೆ ಮನೆ ಉಳಿಯುತ್ತಿತ್ತು, ಮೊಮ್ಮಗಳು ಉಳಿಯುತ್ತಿದ್ದಳು. ಅಫ್ರೀನ್ ಈಗ ಅಜ್ಜಿಯ ಸೆರಗು ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ. ಆದರೆ ಬೆಳ್ಳಿಯಪ್ಪ ಗೋಡೆಗೊರಗಿ ಕೂತದ್ದು ಜೊಹರಾಳ ಕಣ್ಣಿಗೆ ಬಂತು. ಆ ಗೋಡೆಗೆ ತನ್ನ ಮಗ ಒರಗಿ ಕೂತದ್ದೂ ಬಂತು. ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು.

ಮಲ್ಲಂದೂರಿಗೆ ಹೋಗಲು ಹತ್ತಬೇಕಾದ ಚಿಕ್ಕಮಗಳೂರಿನ ಬಸ್ಸು ಗ್ಯಾರೇಜಿನ ಎದುರಿಗೇ ನಿಲ್ಲುತ್ತದೆ. ಬೆಳಿಗ್ಗೆ ಸಫ್ದರ್ ಚೀಲ ತಂದು ರಸ್ತೆಯಂಚಿಗೆ ಇಟ್ಟ. ಅಜ್ಜಿ ಎಲ್ಲಿಗೋ ತಿರುಗಾಡಲು ಹೊರಟಿದ್ದಾಳೆ ಎಂದು ಅಫ್ರೀನ್ ಕುಣಿಯುತ್ತಿತ್ತು. ಕುಣಿಯುತ್ತಿದ್ದದ್ದು ಫಕ್ಕನೆ ನಿಂತಿತು. ಗ್ಯಾರೇಜಿನ ಬಾಗಿಲ ಚೌಕಟ್ಟಿನ ಮೇಲೆ, ಮಗುವಿನ ಕೈಗೆ ಎಟುಕುವಷ್ಟು ಕೆಳಗೆ, ಒಂದು ಜೇಡ ಬಿಸಿಲು ಕಾಯಿಸುತ್ತ ಕೂತಿತ್ತು. ಅಫ್ರೀನ್ ಕಾಲಿನ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡಿತು. ಅಪ್ಪ ಕಲಿಸಿಕೊಟ್ಟ ವಿದ್ಯೆ.

"ದಾದೀ, ನಮ್ಮ ಅಮ್ಮನ್ನ ಕಚ್ಚಿ ಸಾಯಿಸಿದ್ದು ಇದೇ ಅಲ್ವಾ?"

ಮಗುವಿಗೆ ಸುಳ್ಳು ಹೇಳಲು ಜೊಹರಾಗೆ ನಾಲಗೆ ಏಳಲಿಲ್ಲ.

"ಹೇಳು ಅಮ್ಮಿ. ಮಗು ಕೇಳ್ತಿದೆಯಲ್ಲ," ಎಂದ ಸಫ್ದರ್.

ಅವಳು ತಲೆ ಎತ್ತಿ ನೋಡಿದಳು. ಮಗನ ಮುಖದಲ್ಲಿ ಸಿಟ್ಟು ಇರಲಿಲ್ಲ. ಗಡ್ಡ ಬೆಳೆದಿತ್ತು. ಹೌದು ಎನ್ನು, ಹೌದು ಎನ್ನು ಎಂದು ಆ ಕಣ್ಣುಗಳು ಬೇಡುತ್ತಿದ್ದವು. ಚಂದ್ರಶೇಖರಪ್ಪನವರ ಮಾತು ಅವನನ್ನು ಎಲ್ಲಿಯವರೆಗೆ ತಳ್ಳಿದೆ, ಯಾವ ಅಂಚಿನಲ್ಲಿ ತಂದು ನಿಲ್ಲಿಸಿದೆ ಎಂಬುದು ತಾಯಿಗೆ ಆಗ ಸ್ಪಷ್ಟವಾಗಿ ಕಂಡಿತು.

"ಹೌದು ಮಗಳೇ," ಎಂದಳು ಜೊಹರಾ. "ಇದೇ. ಹೊಡಿ."

ಅಫ್ರೀನಿನ ಏಟು ಪಕ್ಕಕ್ಕೆ ಬಿತ್ತು. ಜೇಡ ಒಂದು ಕಾಲು ಕಳೆದುಕೊಂಡು, ಉಳಿದವುಗಳನ್ನು ಎಳೆದುಕೊಂಡು ಮೇಲಕ್ಕೆ ಹತ್ತತೊಡಗಿತು. ಮಗುವಿನ ಕೈಯಿಂದ ಜೊಹರಾ ಚಪ್ಪಲಿ ತೆಗೆದುಕೊಂಡಳು. ಮನಸ್ಸಿನಲ್ಲೇ ಕ್ಷಮೆ ಕೇಳಿ, ಒಂದೇ ಏಟಿಗೆ ಮುಗಿಸಿದಳು. ಹುಟ್ಟಿದ ಮೇಲೆ ಅವಳು ಕೈಯಾರೆ ಕೊಂದ ಮೊದಲ ಜೇಡ ಅದು.

ಸಫ್ದರ್ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. "ಹತ್ತೋರಿದ್ರೆ ಬೇಗ ಹತ್ರಿ," ಎಂದು ಕಂಡಕ್ಟರು ಕೂಗಿದ.

"ಯಾರೂ ಇಲ್ಲ, ಹೋಗ್ಲಿ," ಎಂದ ಸಫ್ದರ್. ಚೀಲ ಎತ್ತಿಕೊಂಡ. "ಬಾ ಅಮ್ಮಿ ಒಳಗೆ. ಆಗಿದ್ದು ಆಗಿಹೋಯ್ತು. ಈಗಾದ್ರೂ ನಿಂಗೆ ಗೊತ್ತಾಯ್ತಲ್ಲ, ಅಷ್ಟು ಸಾಕು. ನಾನು ಎಲ್ಲ ಮರೀತೀನಿ."

ಮಗ ತನ್ನನ್ನು ಕ್ಷಮಿಸುತ್ತಿದ್ದಾನೆ ಎಂದು ಜೊಹರಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಹಿಂದೆಯೇ ಒಳಗೆ ಹೋದಳು. ಅವನು ಬಹಳ ದಿನದ ಮೇಲೆ ಅವಳೆದುರು ಚಾಪೆಯ ಮೇಲೆ ಕೂತ, ಹಸಿವಾಗ್ತಿದೆ ಎಂದ. ಅವಳು ರೊಟ್ಟಿ ಬಡಿಸಿದಳು. ಅವನು ಉಂಡ.

ಮೂಲೆಯಿಂದ ಅಫ್ರೀನ್ ಕೂಗಿತು: "ದಾದೀ, ಇಲ್ಲೊಂದು ಉಂಟು, ಬೇಗ ಬಾ!"

"ಬಂದೆ," ಎಂದು ಜೊಹರಾ ಪೊರಕೆ ತೆಗೆದುಕೊಂಡು ಎದ್ದಳು.